ಇನ್ನೂರಾ ಹದಿನಾಲ್ಕು ಉದ್ಘಾಟಕರು

ಬೆಟಗೇರಿಯ ಫಕೀರಸಾಬರು ಟೈಪಿಂಗ್ ಶಾಲೆ ತೆರೆದ ವರ್ಷವೇ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಈ ಎರಡು ಘಟನೆಗಳಿಗೆ ಸಂಬಂಧವಿಲ್ಲ ಎಂದು ಅವರ ಎದುರಿಗೆ ಹೇಳುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. ಜಿಲ್ಲೆ ಅಂದರೆ ಕಚೇರಿ, ಕಚೇರಿ ಅಂದರೆ ಅರ್ಜಿ, ಅರ್ಜಿ ಅಂದರೆ ಟೈಪು, ಟೈಪು ಅಂದರೆ ಫಕೀರಸಾಬ. ಮಾತು ಯಾವ ತುದಿಯಿಂದ ಶುರುವಾದರೂ ಅವರು ಅದನ್ನು ತಮ್ಮ ಬಾಗಿಲಿಗೇ ತಂದು ನಿಲ್ಲಿಸುತ್ತಾರೆ. ನಾನು ಅದೇ ಓಣಿಯ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ ಈಗ ನನಗೂ ಅದು ಖರೆ ಅನ್ನಿಸತೊಡಗಿದೆ.

ಕಂಪ್ಯೂಟರ್ ಬಂದಮೇಲೆ ಟೈಪು ಕಲಿಯುವವರು ಹೋದರು, ಆನ್‌ಲೈನ್ ಅರ್ಜಿ ತುಂಬಿಸುವವರು ಬಂದರು. ದಿನವಿಡೀ ಅದೇ ಊರು, ಅದೇ ತಾರೀಖು, ಅದೇ ನಲವತ್ತು ಚೌಕಗಳಿಗೆ ಟಿಕ್ಕು. ಹೀಗಿರುವಾಗ ಫಕೀರಸಾಬರಿಗೆ ಒಂದು ವಿದ್ಯೆ ಸಿಕ್ಕಿತು. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ನಾಲ್ಕು ನಾಲ್ಕು ಸಾಲಿನ ಕೋಡ್ ಬರೆದು ಪುಕ್ಕಟೆ ಇಟ್ಟಿರುತ್ತಾರೆ. ಅದನ್ನು ಬ್ರೌಸರಿನೊಳಗೆ ಹಾಕಿದರೆ ತಾರೀಖು ತಾನೇ ತುಂಬುತ್ತದೆ. ಇನ್ನೊಂದು ಹಾಕಿದರೆ ನಲವತ್ತು ಟಿಕ್ಕು ಒಂದೇ ಏಟಿಗೆ ಬೀಳುತ್ತವೆ. ಮತ್ತೊಂದು, 'ಮುಂದೆ' ಎನ್ನುವ ಗುಂಡಿಯನ್ನು ಪುಟ ಮುಗಿಯುವತನಕ ತಾನೇ ಒತ್ತುತ್ತ ಹೋಗುತ್ತದೆ. ಫಕೀರಸಾಬರು ಇವಕ್ಕೆ ತುಣುಕು ಎಂದು ಹೆಸರಿಟ್ಟರು.

ಈ ತುಣುಕುಗಳನ್ನು ಅವರು ಕಾಯ್ದಿಟ್ಟ ರೀತಿಯನ್ನು ಹೇಳಲೇಬೇಕು. ಪ್ರತಿಯೊಂದನ್ನೂ ಹಳೆಯ ಟೈಪ್‌ರೈಟರಿನಲ್ಲಿ, ಕಾರ್ಬನ್ ಹಾಕಿ, ಎರಡು ಪ್ರತಿ ಹೊಡೆದು ಫೈಲಿಗೆ ಸೇರಿಸಿದರು. ಬೇಕಾದಾಗ ಹಾಳೆ ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿ, ಕೀಲಿಗಳ ಕಡೆ ನೋಡದೆ ಹತ್ತೂ ಬೆರಳಿನಿಂದ ಕಂಪ್ಯೂಟರಿಗೆ ಮತ್ತೆ ಹೊಡೆಯುತ್ತಿದ್ದರು. "ಕಾಪಿ ಮಾಡಿ ಅಂಟಿಸಿದ್ರ ಆತಲ್ರಿ" ಎಂದು ನಾನೊಮ್ಮೆ ಅಂದೆ. "ಬೆರಳಿಗೆ ಹತ್ತದ ವಿದ್ಯೆ ತಲಿಗೆ ಹತ್ತಂಗಿಲ್ಲೋ ಮಾರಾಯಾ" ಅಂದರು. ಫೈಲಿನ ಮೇಲೆ 'ಉಪಯುಕ್ತ ತುಣುಕುಗಳು, ಒಂದರಿಂದ ಮೂವತ್ತೇಳು' ಎಂದಿತ್ತು. ಜನ ಅವರನ್ನು ಇಂಜಿನಿಯರ್ ಸಾಹೇಬರು ಅನ್ನತೊಡಗಿದರು. ಪ್ರೀತಿಯಿಂದ ಕರೆದದ್ದನ್ನು ಬೇಡವೆನ್ನುವುದು ಸೌಜನ್ಯವಲ್ಲವೆಂದು ಅವರು ಸುಮ್ಮನಿದ್ದರು.

ಇಂಜಿನಿಯರ್ ಆದಮೇಲೆ ಟೈಪಿಂಗ್ ಶಾಲೆಯ ಬೋರ್ಡು ಕಣ್ಣಿಗೆ ಚುಚ್ಚತೊಡಗಿತು. ಅದನ್ನು ಕೆಳಗಿಳಿಸಿ 'ಫಕೀರಸಾಬ ವೆಬ್ ವಿದ್ಯಾಲಯ' ಎಂದು ಹೊಸದು ಬರೆಸಿದರು. ರವಿವಾರ ಬೆಳಿಗ್ಗೆ ಹತ್ತೂವರೆಗೆ ಉದ್ಘಾಟನೆ ಎಂದು ಗೊತ್ತಾಯಿತು. ಯಾರ ಕೈಯಿಂದ ಎನ್ನುವಲ್ಲಿ ಮಾತ್ರ ಗಾಡಿ ನಿಂತಿತು.

"ಜನ್ನತ ಆಪಾನ ಕೈಯಿಂದನ ಮಾಡಸಬೇಕು" ಎಂದಳು ಹೆಂಡತಿ ಅಲ್ಮಾಸಬಿ. "ನೀವ ಖುದ್ದ ಕೊರ್ಲಹಳ್ಳಿಗೆ ಹೋಗ್ರಿ. ಸಕ್ಕರಿ ಪುಡಿಕಿ ಕಟ್ಟಿ ಕೊಡ್ತೀನಿ, ಕೈಯಾಗ ಇಟ್ಟು ಕರದ ಬರ್ರಿ."

ಜನ್ನತಬಿ ಫಕೀರಸಾಬರ ಅಕ್ಕ. ತಾಯಿ ತೀರಿಕೊಂಡಾಗ ಫಕೀರಸಾಬರಿಗೆ ಮೂರು ವರ್ಷ, ಅಕ್ಕನಿಗೆ ಹದಿಮೂರು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅಂಥ ಅಕ್ಕ ಹನ್ನೊಂದು ವರ್ಷದಿಂದ ತಮ್ಮನ ಮನೆಯ ಮೆಟ್ಟಿಲು ಹತ್ತಿಲ್ಲ. ಮನೆ ಕಟ್ಟಿಸಿದ ಹೊತ್ತಿನಲ್ಲಿ ಫಕೀರಸಾಬರು ಕೆಲಸದ ಗಡಿಬಿಡಿಯಲ್ಲಿ ಅಕ್ಕನಿಗೆ ಕೊಡಬೇಕಾದ ಮನೆ ಪ್ರವೇಶದ ಕಾರ್ಡನ್ನು ಕೊರ್ಲಹಳ್ಳಿ ಕಡೆ ಹೋಗುವ ಮುಂಡರಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದರು. ನಮ್ಮ ಕಡೆ ಮನೆಗೆ ಹೋಗಿ, ಸಕ್ಕರೆ ಕೊಟ್ಟು, ಬಾಯಿಬಿಟ್ಟು ಕರೆದರೆ ಮಾತ್ರ ಅದು ಕರೆ, ಉಳಿದದ್ದೆಲ್ಲ ಸುದ್ದಿ. ಮರುದಿನ ಅದೇ ಬಸ್ಸಿನಲ್ಲಿ ಕಾರ್ಡು ವಾಪಸು ಬಂತು, ಜೊತೆಗೆ ಇಪ್ಪತ್ತು ಕಟಕ ರೊಟ್ಟಿಯ ಗಂಟೂ ಬಂತು. ಕಂಡಕ್ಟರನ ಬಾಯಲ್ಲಿ ಒಂದು ಮಾತನ್ನೂ ಕಳಿಸಿದ್ದಳು: "ಬಸ್ಸಿನಾಗ ರೊಟ್ಟಿ ಕಳಸಬಹುದು, ಕರೆ ಕಳಸಬಾರದು." ಅದೇ ಕೊನೆಯ ಮಾತು.

"ಹೋಗೂದು ಬರೂದು ಒಂದ ದಿನಾ ಹಾಳ" ಎಂದರು ಫಕೀರಸಾಬರು. "ಈಗಿನ ಕಾಲದಾಗ ಯಾರ ಮನಿಮನಿ ತಿರಗತಾರ? ಮೂವತ್ತೇಳನೇ ತುಣುಕ ಐತಿ. ಒಂದ ಗುಂಡಿ ಒತ್ತಿದ್ರ ಇಡೀ ಜಿಲ್ಲಾಕ್ಕ ಕರೆ ಮುಟ್ಟತೈತಿ."

"ಆಪಾನ ಫೋನಿನಾಗ ವಾಟ್ಸಾಪ್ ಇಲ್ಲ."

"ಅದನ್ನ ಆಮ್ಯಾಲ ನೋಡೂಣು."

ಖರೆ ಹೇಳಬೇಕೆಂದರೆ ಅಕ್ಕ ಬರಬೇಕು ಎನ್ನುವ ಆಸೆ ಅವರಿಗೂ ಹೆಂಡತಿಯಷ್ಟೇ ಇತ್ತು. ಹೋಗಿ ಕರೆದರೆ 'ಬರಂಗಿಲ್ಲ' ಅಂದುಬಿಟ್ಟಾಳು ಎನ್ನುವ ಅಂಜಿಕೆ ಅದಕ್ಕಿಂತ ಹೆಚ್ಚಿತ್ತು. ಅಲ್ಮಾಸಬಿ ಸಕ್ಕರೆ ಪುಡಿಕೆ ಕಟ್ಟಿ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು. ಅದು ಅಲ್ಲೇ ಉಳಿಯಿತು.

ಗುರುವಾರ ಬೆಳಿಗ್ಗೆ ಫಕೀರಸಾಬರು ಕಂಪ್ಯೂಟರಿನಲ್ಲಿ ಆಹ್ವಾನಪತ್ರ ಹೊಡೆದರು. 'ಮಾನ್ಯ' ಎಂದು ಬರೆದು ಮುಂದೆ ಹೆಸರಿನ ಜಾಗಕ್ಕೆ ಹತ್ತು ಗೀಟು. ತಾರೀಖು, ವೇಳೆ. ಆಮೇಲೆ 'ಉದ್ಘಾಟಕರು' ಎಂಬ ಸಾಲು ಬಂತು. ಅಕ್ಕನ ಹೆಸರು ಬರೆಯಬೇಕೋ ಬೇಡವೋ ಇನ್ನೂ ತಿಳಿಯದು. ಹೆಸರು ಗೊತ್ತಿಲ್ಲದ ಕಡೆ ಹತ್ತು ಗೀಟು ಹೊಡೆದು ಮುಂದೆ ಹೋಗುವುದು ಇಪ್ಪತ್ತು ವರ್ಷಕ್ಕೂ ಮೀರಿದ ಟೈಪಿಸ್ಟಿನ ಕೈರೂಢಿ. ತಲೆಯನ್ನು ಕೇಳದೆ ಕೈ ಹೊಡೆದುಬಿಟ್ಟಿತು.

ಮೂವತ್ತೇಳನೇ ತುಣುಕಿನ ಕೆಲಸ ಬಹಳ ಸರಳ. ಫೋನಿನ ವಾಟ್ಸಾಪ್ ಪಟ್ಟಿಯಲ್ಲಿನ ಹೆಸರುಗಳನ್ನು ಒಂದೊಂದಾಗಿ ತೆಗೆದುಕೊಳ್ಳುವುದು, ಪತ್ರದಲ್ಲಿ ಎಲ್ಲೆಲ್ಲಿ ಹತ್ತು ಗೀಟು ಕಂಡರೂ ಅಲ್ಲಲ್ಲಿ ಆ ಹೆಸರು ತುಂಬುವುದು, ಆ ಮನುಷ್ಯನಿಗೆ ಕಳಿಸುವುದು, ಮೂರು ಸೆಕೆಂಡು ತಾಳಿ ಮುಂದಿನವನಿಗೆ ಹೋಗುವುದು. ಕಂಪ್ಯೂಟರು ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುತ್ತದೆ. ಅದರಿಂದಲೇ ಎಲ್ಲ ಅನಾಹುತ. ಪಟ್ಟಿಯಲ್ಲಿ ಇನ್ನೂರಾ ಹದಿನಾಲ್ಕು ಹೆಸರಿದ್ದವು. ಫಕೀರಸಾಬರು ಗುಂಡಿ ಒತ್ತಿ, ಕಾಲ ಮೇಲೆ ಕಾಲು ಹಾಕಿ, ಚಹಾ ಕುಡಿದರು. ಹನ್ನೊಂದು ನಿಮಿಷದೊಳಗೆ ಗದಗ ಜಿಲ್ಲೆಯಲ್ಲಿ ಇನ್ನೂರಾ ಹದಿನಾಲ್ಕು ಉದ್ಘಾಟಕರು ಹುಟ್ಟಿದರು.

ಮೊದಲು ಬಂದವರು ಪಕ್ಕದ ಮನೆಯ ನೇಕಾರ ದೇವೇಂದ್ರಪ್ಪ. ನೇಕಾರರ ಸಂಘದ ಚುನಾವಣೆಗೆ ಎರಡು ಸಲ ನಿಂತು ಎರಡೂ ಸಲ ಸೋತವರು. ಕಣ್ಣು ತೇವವಾಗಿದ್ದವು.

"ಫಕೀರಸಾಬ, ನಾ ಇದಕ್ಕ ಲಾಯಕ್ಕ ಇಲ್ಲೋ" ಎಂದರು.

ಕಾರ್ಯಕ್ರಮಕ್ಕೆ ಬರುವ ಮಾತಷ್ಟೇ ಎಂದುಕೊಂಡ ಫಕೀರಸಾಬರು, "ಹಂಗಂದ್ರ ಹೆಂಗ್ರಿ ಕಾಕಾ? ನೀವಿಲ್ಲದ ಕಾರ್ಯಕ್ರಮ ನಡದೀತೇನು?" ಎಂದರು.

ದೇವೇಂದ್ರಪ್ಪ ಅವರ ಎರಡೂ ಕೈ ಹಿಡಿದು, "ಹಂಗಾದ್ರ ರಿಬ್ಬನ್ ಪ್ಯಾಟ್ಯಾಗಿಂದ ತರಬ್ಯಾಡ. ನಾನ ನೇಯತೀನಿ" ಎಂದು ಹೋದವರು ಸೀದಾ ಮಗ್ಗಕ್ಕೆ ಕುಳಿತರು. ಅವರ ಹೆಂಡತಿ ಗದಿಗೆವ್ವ ನನ್ನ ಅಂಗಡಿಯ ಮುಂದೆ ನಿಂತು, "ಎರಡ ಸಲ ಬಿದ್ದಾಗ ಸುಮ್ಮನಿದ್ದ ಮನಷ್ಯಾ, ಈಗ ಆರಿಸಿ ಬಂದವರಂಗ ತಲಿ ಪಟಕಾ ಇಸ್ತ್ರಿ ಮಾಡಸಾಕತ್ತಾನ್ರಿ" ಎಂದಳು. ನಾನು ನಕ್ಕೆ, ಆದರೆ ಬಹಳ ನಗಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಮಧ್ಯಾಹ್ನ ಮೌನೇಶ ಫೋನು ಮಾಡಿದರು. ಇವರು ಒಂದು ಕಚೇರಿಯ ಹೆಡ್ ಕ್ಲಾರ್ಕು. ಇಪ್ಪತ್ತಾರು ವರ್ಷ ಸಾಹೇಬರ ಸಭೆಗಳಿಗೆ ಕುರ್ಚಿ ಹಾಕಿಸಿದವರು, ಒಂದು ಕುರ್ಚಿಯ ಮೇಲೂ ಕುಳಿತವರಲ್ಲ.

"ಭಾಷಣ ಎಷ್ಟ ನಿಮಿಷ ಇರಬೇಕ್ರಿ?" ಎಂದು ಕೇಳಿದರು.

"ಯಾವ ಭಾಷಣ?"

"ಉದ್ಘಾಟನಾ ಭಾಷಣ. ನಾಲ್ಕ ಪುಟ ಆಗೇತಿ. ಗುರುವಂದನಾ ಇನ್ನೂ ಹಾಕಿಲ್ಲ."

ಫಕೀರಸಾಬರ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಅಷ್ಟರಲ್ಲಿ ಲಕ್ಷ್ಮೇಶ್ವರದಿಂದ ಅಲ್ಮಾಸಬಿಯ ಅಣ್ಣ ಶೇಖಸಾಬರ ಫೋನು. ಇವರದು ಬಳೆ ಅಂಗಡಿ. ತಂಗಿಯ ಮದುವೆಯಲ್ಲಿ ತಮ್ಮನ್ನು ಎರಡನೇ ಸಾಲಿನಲ್ಲಿ ಕೂರಿಸಿದರು ಎಂದು ಇವತ್ತಿಗೂ ದಿನಾಂಕ ಸಹಿತ ಹೇಳುತ್ತಾರೆ.

"ತಡಾ ಆದ್ರೂ ಭಾವನ ಕಿಮ್ಮತ್ತ ತಿಳೀತಲ್ಲ ನಿಮಗ" ಎಂದರು. "ಎರಡ ಟೆಂಪೋ ಹೇಳೇನಿ. ನಾ ರಿಬ್ಬನ್ ಕತ್ತರಸೂದನ್ನ ಮಂದಿ ನೋಡಬೇಕ ಬ್ಯಾಡೋ?"

ಆಗ ಫಕೀರಸಾಬರು ತಾವು ಕಳಿಸಿದ ಪತ್ರವನ್ನು ತೆರೆದು ಓದಿದರು. ಮಾನ್ಯ ಶೇಖಸಾಬ ಅವರೇ. ಉದ್ಘಾಟಕರು: ಶೇಖಸಾಬ. ಮುಂದಿನದು ನೋಡಿದರು. ಮಾನ್ಯ ಮೌನೇಶ ಅವರೇ. ಉದ್ಘಾಟಕರು: ಮೌನೇಶ. ಶಿರಹಟ್ಟಿಯ ಕಟಿಂಗ್ ಅಂಗಡಿಯ ರಾಮಪ್ಪನೂ ಉದ್ಘಾಟಕ. ಐದು ವರ್ಷದ ಹಿಂದೆ ಒಮ್ಮೆ ಗ್ಯಾಸ್ ಸಿಲಿಂಡರ್ ತಂದುಕೊಟ್ಟವನೂ ಉದ್ಘಾಟಕ.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಜನರಿಗೆ ಫೋನು ಮಾಡಿ ತಪ್ಪಾಯಿತು ಅನ್ನುತ್ತಿದ್ದರು. ಇಂಜಿನಿಯರ್ ಸಾಹೇಬರು ಹಾಗೆ ಮಾಡುವಂತಿರಲಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಶುಕ್ರವಾರ ಬೆಳಿಗ್ಗೆ ಇನ್ನೊಂದು ಪತ್ರ ಹೊಡೆದರು. 'ತಿದ್ದುಪಡಿ. ಹಿಂದಿನ ಪತ್ರದಲ್ಲಿ ಉದ್ಘಾಟಕರ ಹೆಸರು ತಪ್ಪಾಗಿ ಬಂದಿರುತ್ತದೆ. ಸರಿಯಾದ ಹೆಸರನ್ನು ಹೀಗೆ ಓದಿಕೊಳ್ಳಬೇಕು.' ಇಲ್ಲಿಗೆ ಬಂದಾಗ ಅಲ್ಮಾಸಬಿ ಒಳಗಿನಿಂದ, "ಆಪಾನ್ನ ಕರದ ಬಂದ್ರೇನು?" ಎಂದು ಕೇಳಿದಳು. ಅವರು ಉತ್ತರ ಹುಡುಕುತ್ತಿದ್ದಾಗ ಕೈ ತನ್ನ ಪಾಡಿಗೆ ಹತ್ತು ಗೀಟು ಹೊಡೆಯಿತು. ಮುಂದೆ ಗುಂಡಿಯನ್ನೂ ಒತ್ತಿತು.

ಹೀಗೆ ಇನ್ನೂರಾ ಹದಿನಾಲ್ಕು ಜನರಿಗೂ, ಸರಿಯಾದ ಹೆಸರು ತಮ್ಮದೇ ಎಂದು ಲಿಖಿತವಾಗಿ ಮುಟ್ಟಿತು.

ಮೊದಲು ಅನುಮಾನ ಇಟ್ಟುಕೊಂಡಿದ್ದವರಿಗೂ ಈಗ ಖಾತ್ರಿಯಾಯಿತು. ದೇವೇಂದ್ರಪ್ಪ ಬಂದು, "ಯಾರೋ ನನ್ನ ಹೆಸರ ತಗಸಾಕ ನೋಡಿದ್ರಂತ ಅನ್ನು. ನೀ ಬಗ್ಗಲಿಲ್ಲ. ನಿನ್ನ ಉಪಕಾರ ಮರಿಯಂಗಿಲ್ಲ" ಎಂದರು. ಮೌನೇಶ ಭಾಷಣಕ್ಕೆ 'ಅಡ್ಡಿ ಆತಂಕಗಳನ್ನು ಎದುರಿಸಿ' ಎಂಬ ಪ್ಯಾರಾ ಸೇರಿಸಿದರು. ಶೇಖಸಾಬರು ಟೆಂಪೋ ಎರಡನ್ನೂ ದೊಡ್ಡವು ಮಾಡಿಸಿದರು.

ಶನಿವಾರ ಬೆಳಿಗ್ಗೆ ಮನೆ ಮುಂದೆ ಹದಿನೇಳು ಉದ್ಘಾಟಕರು ನಿಂತಿದ್ದರು. ರಿಬ್ಬನ್ನು ಎಷ್ಟು ಎತ್ತರಕ್ಕೆ ಕಟ್ಟುತ್ತೀರಿ, ಫೋಟೋ ಎಡಗಡೆಯಿಂದ ತೆಗೆಸಿದರೆ ನಡೆಯುವುದೇ ಎಂದೆಲ್ಲ ಕೇಳಲು ಬಂದಿದ್ದರು. ಎಲ್ಲರೂ ಗುಟ್ಟಾಗಿ ಕೇಳಬೇಕೆಂದು ಬಂದಿದ್ದರಿಂದ ಒಬ್ಬರ ಎದುರಿಗೆ ಒಬ್ಬರು ಬಾಯಿ ಬಿಡಲಿಲ್ಲ. ಫಕೀರಸಾಬರು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಗಲ್ಲಿಗಲ್ಲಿ ತಿರುಗಿ, ಗದಗ ಬಸ್ ಸ್ಟ್ಯಾಂಡು ಮುಟ್ಟಿದರು.

ಮುಟ್ಟಿದರೇನು, ಹೋಗುವುದೆಲ್ಲಿಗೆ? ಲಕ್ಷ್ಮೇಶ್ವರದಲ್ಲಿ ಶೇಖಸಾಬ ಇದ್ದಾರೆ. ಶಿರಹಟ್ಟಿಯಲ್ಲಿ ರಾಮಪ್ಪ ಕತ್ತರಿಗೆ ಸಾಣೆ ಹಿಡಿಸುತ್ತಿದ್ದಾನೆ. ಪರಿಚಯದವರ ಮನೆಯೆಲ್ಲ ಪಟ್ಟಿಯಲ್ಲಿವೆ, ಪಟ್ಟಿಯಲ್ಲಿ ಇದ್ದವರೆಲ್ಲ ಉದ್ಘಾಟಕರು. ಇಡೀ ಜಿಲ್ಲೆಯಲ್ಲಿ ಪಟ್ಟಿಗೆ ಸೇರದ ಮನೆ ಒಂದೇ ಒಂದು. ಅವರು ಮುಂಡರಗಿ ಬಸ್ಸು ಹತ್ತಿದರು.

ಕೊರ್ಲಹಳ್ಳಿಯಲ್ಲಿ ಜನ್ನತಬಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹನ್ನೊಂದು ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ಬೆವರು ಒರೆಸುತ್ತ ನಿಂತ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಎರಡೂ ಕೈಗಳನ್ನು ನೋಡಿದಳು.

"ಕರಿಯಾಕ ಬಂದೀಯೇನು?" ಎಂದಳು.

ಅಡಗಲು ಬಂದಿದ್ದ ಮನುಷ್ಯ, "ಹೂಂ, ಆಪಾ" ಎಂದ.

"ಯಾವಾಗ?"

"ನಾಳೆ."

"ಅಷ್ಟ ಜಲ್ದಿ? ನಾ ಏನ ಮಾಡಬೇಕು?"

"ರಿಬ್ಬನ್ ಕತ್ತರಸಬೇಕು."

ಜನ್ನತಬಿ ಇನ್ನೆರಡು ಕಾಯಿ ಸುಲಿದಳು. ಆಮೇಲೆ ಮೊರ ಪಕ್ಕಕ್ಕೆ ಸರಿಸಿ, "ಉಣ್ಣ ಏಳು. ಮಾರಿ ನೋಡಿದ್ರ ಮುಂಜಾನಿಂದ ಏನೂ ತಿಂದಂಗಿಲ್ಲ" ಎಂದಳು. ಫಕೀರಸಾಬರು ಐದು ರೊಟ್ಟಿ ತಿಂದು, ಮೂಲೆಯಲ್ಲಿ ಚಾಪೆ ಹಾಕಿ, ಮೂರು ದಿನದಲ್ಲಿ ಮೊದಲ ಸಲ ನೆಮ್ಮದಿಯಿಂದ ನಿದ್ದೆ ಹೊಡೆದರು.

ರವಿವಾರ ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರವೂರಿಗೆ ಹೋದವರನ್ನೂ ಹಾಸಿಗೆ ಹಿಡಿದವರನ್ನೂ ಬಿಟ್ಟು ನೂರಾ ಅರವತ್ತು ಉದ್ಘಾಟಕರು ಬಂದಿದ್ದರು. ಶೇಖಸಾಬರ ಎರಡು ಟೆಂಪೋ ಬಾರದೆ ಇದ್ದಿದ್ದರೆ ಪ್ರೇಕ್ಷಕರೇ ಇರುತ್ತಿರಲಿಲ್ಲ. ಬಾಗಿಲಿಗೆ ದೇವೇಂದ್ರಪ್ಪ ನೇಯ್ದ ರಿಬ್ಬನ್ ಪಟ್ಟಿ ಕಟ್ಟಿತ್ತು. ಕೆಂಪು ರೇಷ್ಮೆ, ಎರಡೂ ಕಡೆ ಜರಿ ಅಂಚು. ಅದರ ಹಿಂದೆ ಅಲ್ಮಾಸಬಿ ಒಂದೇ ಒಂದು ಕುರ್ಚಿ ಹಾಕಿ, ಯಾರು ಹತ್ತಿರ ಬಂದರೂ ಕಣ್ಣು ಕೆಕ್ಕರಿಸುತ್ತ ನಿಂತಿದ್ದಳು. ಗಂಡ ನಿನ್ನೆಯಿಂದ ಪತ್ತೆಯಿಲ್ಲ. ಫೋನೂ ಮೇಜಿನ ಮೇಲೆಯೇ ಬಿದ್ದಿದೆ.

ಹತ್ತೂವರೆಗೆ ದೇವೇಂದ್ರಪ್ಪ ಪಟಕಾ ಸರಿಮಾಡಿಕೊಂಡು ಮುಂದೆ ಬಂದರು. ಅದೇ ಹೊತ್ತಿಗೆ ಮೌನೇಶ ಬಂದರು, ಶೇಖಸಾಬರೂ ಬಂದರು. ಮೂವರ ಕೈಯಲ್ಲೂ ಕತ್ತರಿ. ಹಿಂದೆ ತಿರುಗಿ ನೋಡಿದರೆ ಎಲ್ಲರ ಕೈಯಲ್ಲೂ ಕತ್ತರಿ. ನೇಕಾರರ ಕತ್ತರಿ, ದರ್ಜಿ ಕತ್ತರಿ, ರಾಮಪ್ಪನ ಕೂದಲು ಕತ್ತರಿ.

"ಇದೇನ್ರಿ?" ಎಂದರು ಮೌನೇಶ. "ಉದ್ಘಾಟಕ ನಾನು. ಲಿಖಿತ ಐತಿ."

"ನನ್ನದೂ ಲಿಖಿತ ಐತಿ" ಎಂದರು ದೇವೇಂದ್ರಪ್ಪ. "ತಿದ್ದುಪಡಿ ಸಹಿತ."

ಫೋನುಗಳು ಹೊರಬಂದವು. ಯಾರಿಗೆ ಮೊದಲು ಬಂದಿದೆಯೋ ಅವರೇ ಹಿರಿಯ ಉದ್ಘಾಟಕರೆಂದು ಮೌನೇಶ ಕಚೇರಿಯ ನಿಯಮ ಹೇಳಿದರು. ಅವರಿಗೆ ಬಂದದ್ದು ಹತ್ತು ನಲವತ್ತೆರಡಕ್ಕೆ. ಶೇಖಸಾಬರಿಗೆ ಹತ್ತು ನಲವತ್ತೊಂದಕ್ಕೆ. ವೇಳೆಯ ವಿಷಯವಾದ್ದರಿಂದ ಗಡಿಯಾರದವನೇ ತೀರ್ಮಾನ ಹೇಳಲಿ ಎಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಿಂದೆ ಸರಿದೆ. ನನ್ನ ಜುಬ್ಬಾದ ಜೇಬಿನಲ್ಲಿಯೂ ಒಂದು ಕತ್ತರಿ ಇತ್ತು, ಹತ್ತು ಮೂವತ್ತೊಂಬತ್ತರ ಪತ್ರವೂ ಇತ್ತು. ಮನುಷ್ಯನಿಗೆ ಆಸೆ ಎಂಬುದು ಇರುತ್ತದೆ.

ದನಿಗಳು ಏರಿದವು. "ಬೆಟಗೇರಿಯವ್ರು ಯಾವಾಗಲೂ ಹಿಂಗ" ಎಂದು ಲಕ್ಷ್ಮೇಶ್ವರದ ಟೆಂಪೋದಿಂದ ಯಾರೋ ಅಂದರು. ಆ ಮಾತಿಗೆ ಉತ್ತರ ಕೊಡಲು ಹತ್ತು ಜನ ಹೊರಟರು. ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಮೊದಲು ಫಕೀರಸಾಬರು ಇಳಿದರು, ಹಿಂದೆ ಬೆಳ್ಳನೆ ತಲೆಯ ಮೇಲೆ ಸೆರಗು ಹೊದ್ದ ಜನ್ನತಬಿ ಇಳಿದಳು. ಅಲ್ಮಾಸಬಿ ಕುರ್ಚಿ ಬಿಟ್ಟು ಓಡಿಬಂದು ಅವಳ ಕೈ ಹಿಡಿದಳು.

"ಫಕೀರಸಾಬ" ಎಂದರು ದೇವೇಂದ್ರಪ್ಪ. "ಖರೆ ಉದ್ಘಾಟಕರ ಯಾರು? ಇಷ್ಟ ಮಂದಿ ಮುಂದ ಹೇಳಿಬಿಡು."

ಫಕೀರಸಾಬರು ನೂರಾ ಅರವತ್ತು ಕತ್ತರಿಗಳನ್ನು ನೋಡಿದರು. "ತಪ್ಪಾತ್ರಿ" ಎಂದರು. "ತುಣುಕ ನಾ ಬರದಿದ್ದಲ್ಲ, ಯಾರೋ ಬರದಿಟ್ಟಿದ್ದನ್ನ ನೋಡಿ ಹೊಡದೆ. ಗೀಟ ಇದ್ದಲ್ಲೆಲ್ಲಾ ಅದು ನಿಮ್ಮ ಹೆಸರ ತುಂಬೇತಿ. ನಾ ಇಂಜಿನಿಯರ್ ಅಲ್ಲ. ಟೈಪಿಸ್ಟ್."

ಮೌನೇಶ ಮೊದಲು ಚೇತರಿಸಿಕೊಂಡರು. "ಹಂಗಾದ್ರ ಈ ಅಮ್ಮಾರಿಗೆ ಪತ್ರ ಎಷ್ಟಕ್ಕ ಬಂದೇತಿ?"

ಜನ್ನತಬಿ ಚೀಲದಿಂದ ರಬ್ಬರ್ ಬ್ಯಾಂಡು ಸುತ್ತಿದ ಹಳೆಯ ಫೋನು ತೆಗೆದು ತೋರಿಸಿದಳು. "ನನಗ ಯಾವ ಪತ್ರನೂ ಬಂದಿಲ್ಲಪಾ. ನನ್ನ ತಮ್ಮ ಬಂದಾನ."

"ಅಂದ್ರ?"

"ಮನಿತನಕಾ ಬಂದು ಕರದಾನ."

ದೇವೇಂದ್ರಪ್ಪ ಕತ್ತರಿಯನ್ನು ನಿಧಾನವಾಗಿ ಜೇಬಿಗಿಳಿಸಿದರು. ಅವರನ್ನು ನೋಡಿ ಉಳಿದವರೂ ಇಳಿಸಿದರು. ಮನೆಬಾಗಿಲಲ್ಲಿ ಕರೆ ಪಡೆದು ಬಂದವರ ಮುಂದೆ ಫೋನು ಹಿಡಿದು ವಾದ ಮಾಡುವಷ್ಟು ನಾವು ಇನ್ನೂ ಕೆಟ್ಟಿಲ್ಲ. "ನನ್ನ ಮನಿ ಹನ್ನೆರಡ ಹೆಜ್ಜಿ ಐತಿ" ಎಂದಷ್ಟೇ ಹೇಳಿದರು ದೇವೇಂದ್ರಪ್ಪ. "ಅಷ್ಟ ದೂರಾನೂ ನೀ ಬರಲಿಲ್ಲ." ಫಕೀರಸಾಬರು ತಲೆ ತಗ್ಗಿಸಿದರು.

ಜನ್ನತಬಿಯ ಕೈಗೆ ಅಲ್ಮಾಸಬಿ ಕತ್ತರಿ ಕೊಟ್ಟಳು. ಅವಳು ಬಾಗಿಲ ಮುಂದೆ ನಿಂತು ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿದಳು.

"ಇದನ್ನ ಯಾರ ನೇದಾರ?"

"ನಾನ್ರೀ ಅಕ್ಕಾರ" ಎಂದರು ದೇವೇಂದ್ರಪ್ಪ.

"ಇಷ್ಟ ಚಂದ ನೇದಿದ್ದನ್ನ ಕತ್ತರಸಂತಾರಲ್ಲ, ಇವರಿಗೆ ಏನ ಅನ್ನಬೇಕು" ಎಂದು ಕತ್ತರಿ ಮರಳಿ ಕೊಟ್ಟಳು. ಹೊಸ್ತಿಲ ಪಕ್ಕಕ್ಕೆ ಹೋಗಿ, ಗಂಟು ಬಿಚ್ಚಿ, ಪಟ್ಟಿಯನ್ನು ಮಡಿಚಿ ದೇವೇಂದ್ರಪ್ಪನವರ ಹೆಗಲಿಗೆ ಹಾಕಿದಳು. ಫಕೀರಸಾಬ ವೆಬ್ ವಿದ್ಯಾಲಯ ಹೀಗೆ ಉದ್ಘಾಟನೆಯಾಯಿತು. ದೇವೇಂದ್ರಪ್ಪ ಕಣ್ಣು ಒರೆಸಿಕೊಂಡರು, ಗದಿಗೆವ್ವ ಬಂದು ಅವರ ಪಟಕಾ ಸರಿಮಾಡಿದಳು. ಮೌನೇಶರನ್ನು ಅಲ್ಮಾಸಬಿ ಆ ಒಂದೇ ಕುರ್ಚಿಯ ಮೇಲೆ ಕೂರಿಸಿ ಭಾಷಣ ಓದಿಸಿದಳು. ಐದು ಪುಟವನ್ನೂ ಓದಿದರು, ಯಾರೂ ಎದ್ದುಹೋಗಲಿಲ್ಲ. ಶೇಖಸಾಬರು ಜಮಖಾನದ ಮೇಲೆ ಮೊದಲನೇ ಸಾಲಿನಲ್ಲಿ ಕುಳಿತಿದ್ದರು.

ಸಂಜೆ ಅಕ್ಕನನ್ನು ಬಸ್ಸಿಗೆ ಕೂರಿಸಲು ಫಕೀರಸಾಬರು ಹೋದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದಾರೆ. ಬಸ್ಸು ಹೊರಡುವ ಮುಂಚೆ ಮನಸ್ಸು ತಡೆಯದೆ, "ಆಪಾ, ನಿನ್ನಿ ನಾ ಖರೇನ ಕರಿಯಾಕ ಬಂದಿದ್ದಿಲ್ಲ" ಎಂದರಂತೆ.

"ಗೊತ್ತೈತಿ."

"ಹೆಂಗ?"

"ಕೈಯಾಗ ಸಕ್ಕರಿ ಇರಲಿಲ್ಲ. ಬರಿಗೈಲೆ ಯಾರ ಕರಿಯಾಕ ಬರ್ತಾರೋ?"

"ಮತ್ತ ಯಾಕ ಬಂದಿ ನೀ?"

ಜನ್ನತಬಿ ಕಿಟಕಿಯೊಳಗಿಂದ ಕೈ ಚಾಚಿ ತಮ್ಮನ ಅಂಗಿಯ ಕಾಲರು ಸರಿಮಾಡಿದಳಂತೆ. "ಸಣ್ಣಾಂವ ಇದ್ದಾಗ ನಮ್ಮ ಅಬ್ಬಾಜಾನ ಬಡಿಗಿ ತಗೊಂಡ್ರ ಓಡಿಬಂದು ನನ್ನ ಹಿಂದ ಅಡಗತಿದ್ದಿ. ತಲಿ ನೆರತರೂ ಅಡಗಾಕ ನನ್ನ ಮನಿನ ನೆನಪಾತಲ್ಲ, ಅದಕ್ಕ ಬಂದೆ" ಎಂದಳಂತೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ.

ಮರುದಿನ ಬೆಳಿಗ್ಗೆ ಟೈಪ್‌ರೈಟರಿನ ಸದ್ದು ನನ್ನ ಅಂಗಡಿಯತನಕ ಕೇಳಿತು. ಹೋಗಿ ನೋಡಿದರೆ ಫಕೀರಸಾಬರು ಕಾರ್ಬನ್ ಹಾಕಿ ಮೂವತ್ತೆಂಟನೇ ಹಾಳೆ ಹೊಡೆಯುತ್ತಿದ್ದರು. ಅದರಲ್ಲಿ ಕೋಡ್ ಇರಲಿಲ್ಲ, ಗೀಟೂ ಇರಲಿಲ್ಲ. 'ಜನ್ನತ ಆಪಾ, ಕೊರ್ಲಹಳ್ಳಿ. ಗುಂಡಿ ಒತ್ತಬಾರದು. ಖುದ್ದು ಹೋಗಬೇಕು. ಸಕ್ಕರೆ ಒಯ್ಯಬೇಕು' ಎಂದಿತ್ತು. ಮೂಲ ಪ್ರತಿ ಫೈಲಿನಲ್ಲಿದೆ. ಕಾರ್ಬನ್ ಪ್ರತಿಯನ್ನು ಅಲ್ಮಾಸಬಿ ಅಡುಗೆಮನೆಯ ಸಕ್ಕರೆ ಡಬ್ಬಿಗೆ ಅಂಟಿಸಿದ್ದಾಳೆ.